ಇಲ್ಲದ ಊರಿನ ಕಲೆಗೆ ಒಡೆಯ ಯಾರು?

2017ರ ಮೇ 17ರಂದು ಸಾವಿರಾರು ಮೊಲಗಳಿಗೆ ಮೇವು ನಿಂತುಹೋಯಿತು. ಬರ ಬಂದಿರಲಿಲ್ಲ, ರೋಗವೂ ಬಡಿದಿರಲಿಲ್ಲ. ಒಂದು ಸರ್ವರ್ ಬಂದ್ ಆಗಿತ್ತು, ಅಷ್ಟೇ. ಈ ಮೊಲಗಳು ಹುಟ್ಟಿದ್ದೂ ಮರಿ ಹಾಕಿದ್ದೂ 'ಸೆಕೆಂಡ್ ಲೈಫ್' ಎಂಬ ಕಂಪ್ಯೂಟರ್ ಲೋಕದಲ್ಲಿ. ಅವಕ್ಕೆ ಹೊಟ್ಟೆ ತುಂಬಿದೆಯೇ ಇಲ್ಲವೇ ಎಂದು ಲೆಕ್ಕ ಇಡುತ್ತಿದ್ದುದು 'ಓಜಿಮಲ್ಸ್' ಎಂಬ ಸಂಸ್ಥೆಯ ಸರ್ವರ್. ಕಾನೂನು ಜಗಳದ ಒತ್ತಡದಲ್ಲಿ ಇದನ್ನು ನಡೆಸಿಕೊಂಡು ಹೋಗಲು ಆಗುವುದಿಲ್ಲ ಎಂದು ನಡೆಸುವವರು ಕೈಚೆಲ್ಲಿದರು. ಮೇವು ಸಿಗದ ಮೊಲಗಳು ಒಂದೊಂದಾಗಿ ಕದಲದೆ ಮಲಗಿದವು. ವರ್ಷಗಟ್ಟಲೆ ಕಾಸು ಕೊಟ್ಟು ಮೇವು ಕೊಂಡು ಸಾಕಿದ್ದವರು ನೋಡುತ್ತ ಕೂರಬೇಕಾಯಿತು. ಮೊದಲೇ ಹೆಚ್ಚು ಹಣ ತೆತ್ತು 'ಮೇವಿಲ್ಲದೆ ಬದುಕುವ' ಸಾಧನ ತೊಡಿಸಿದ್ದ ಮೊಲಗಳು ಮಾತ್ರ ಉಳಿದವು. ಅವಕ್ಕೂ ಇನ್ನು ಮರಿ ಆಗುವುದಿಲ್ಲ.

ಇಲ್ಲದ ಮೊಲಕ್ಕೆ ಅಳುವುದೇ ಎಂದು ನಗುವವರು ನಗಬಹುದು. ಆದರೆ ಆ ಮೊಲದ ಬಣ್ಣ, ಕಿವಿ, ನಡಿಗೆ ಎಲ್ಲವನ್ನೂ ಯಾರೋ ಕಲಾವಿದರು ಕೂತು ಬಿಡಿಸಿದ್ದರು. ಕೊಂಡವರು ಕೊಟ್ಟದ್ದು ನಿಜವಾದ ಹಣ. ಜಗಳ ನಡೆದದ್ದೂ ನಿಜವಾದ ಕೋರ್ಟಿನಲ್ಲಿ. ಕಂಪ್ಯೂಟರಿನೊಳಗೆ ಮಾಡಿದ ಕಲೆ ಯಾರದು, ಅದನ್ನು ಕದ್ದರೆ ಯಾರಿಗೆ ದೂರು ಕೊಡಬೇಕು, ಕೊಟ್ಟರೆ ಏನು ಸಿಗುತ್ತದೆ ಎಂಬ ಪ್ರಶ್ನೆಗಳು ಇಪ್ಪತ್ತು ವರ್ಷದಿಂದ ಅಮೆರಿಕದ ನ್ಯಾಯಾಲಯಗಳನ್ನು ಸುತ್ತುತ್ತಿವೆ. ಇಂದು ಹಳ್ಳಿಯ ಮನೆಯಲ್ಲೇ ಕೂತು ಮೊಬೈಲ್ ಆಟಗಳಿಗೆ ಬೊಂಬೆ, ಬಟ್ಟೆ, ಮನೆಗಳ ಚಿತ್ರ ಮಾಡಿ ಮಾರುವ ಹುಡುಗ ಹುಡುಗಿಯರು ಇರುವಾಗ ಈ ಪ್ರಶ್ನೆ ದೂರದ್ದಾಗಿ ಉಳಿದಿಲ್ಲ.

ಗೇಣಿಗೆ ಸಿಕ್ಕ ಆಕಾಶ

ಸೆಕೆಂಡ್ ಲೈಫ್ ಶುರುವಾದದ್ದು 2003ರ ಜೂನ್ ತಿಂಗಳಲ್ಲಿ. ಸ್ಯಾನ್ ಫ್ರಾನ್ಸಿಸ್ಕೊದ ಲಿಂಡನ್ ಲ್ಯಾಬ್ ಎಂಬ ಕಂಪನಿ ಇದರ ಒಡೆಯ. ಇದು ಸೋಲು ಗೆಲುವಿನ ಆಟವಲ್ಲ. ಒಳಗೆ ಹೋದವನು ಒಂದು ಬೊಂಬೆಯ ರೂಪ ತಾಳುತ್ತಾನೆ. ಅದಕ್ಕೆ ಅಲ್ಲಿ 'ಅವತಾರ' ಎಂದೇ ಹೆಸರು, ನಮ್ಮ ಪುರಾಣದ ಪದವೇ ಇಂಗ್ಲಿಷ್ ಉಚ್ಚಾರಣೆಯಲ್ಲಿ ತಿರುಗಿ ಬಂದಿದೆ. ಅಲ್ಲಿನ ಮನೆ, ಮರ, ಬಟ್ಟೆ, ಕೂದಲು, ಕುರ್ಚಿ ಬಹುತೇಕ ಎಲ್ಲವನ್ನೂ ಮಾಡಿದವರು ಕಂಪನಿಯ ನೌಕರರಲ್ಲ, ಒಳಗೆ ಹೋದ ಜನರೇ. ಅಲ್ಲಿಗೊಂದು ನಾಣ್ಯವೂ ಉಂಟು, ಲಿಂಡನ್ ಡಾಲರ್. ಅದನ್ನು ನಿಜವಾದ ಅಮೆರಿಕನ್ ಡಾಲರಿಗೆ ಬದಲಾಯಿಸಿಕೊಳ್ಳಬಹುದು.

2003ರ ನವೆಂಬರ್‌ನಲ್ಲಿ ಕಂಪನಿ ಒಂದು ಘೋಷಣೆ ಮಾಡಿತು. ಒಳಗೆ ಯಾರು ಏನು ಮಾಡುತ್ತಾರೋ ಅದರ ಹಕ್ಕು ಮಾಡಿದವರದ್ದೇ ಎಂದಿತು. ಅಲ್ಲಿಯವರೆಗೆ ಇಂಥ ಆಟಗಳಲ್ಲಿ ಆಡುವವನು ಮಾಡಿದ್ದೆಲ್ಲ ಕಂಪನಿಗೇ ಸೇರುವುದು ಪದ್ಧತಿಯಾಗಿತ್ತು. ಹಾಗಾಗಿ ಕಲಾವಿದರಿಗೆ ಇದು ದೊಡ್ಡ ಸುದ್ದಿ. ದರ್ಜಿ ಕೆಲಸ ಬಲ್ಲವರು, ಮನೆಯ ನಕ್ಷೆ ಹಾಕುವವರು, ಬೊಂಬೆ ಕುಣಿಸುವವರು ಗುಂಪು ಗುಂಪಾಗಿ ಬಂದರು. ಜಮೀನು ವ್ಯಾಪಾರ ಮಾಡಿದ ಆನ್ಷೆ ಚುಂಗ್ ಎಂಬ ಅವತಾರದ ಮುಖ 2006ರ ಮೇ ತಿಂಗಳಲ್ಲಿ 'ಬಿಸಿನೆಸ್ ವೀಕ್' ಪತ್ರಿಕೆಯ ಮುಖಪುಟದಲ್ಲಿ ಬಂತು. ಆ ಅವತಾರದ ಹಿಂದಿದ್ದವರು ಜರ್ಮನಿಯಲ್ಲಿ ನೆಲೆಸಿದ್ದ ಚೀನಾ ಮೂಲದ ಮಹಿಳೆ.

ಚೀನಾದ ಕಲಾವಿದೆ ಚಾವ್ ಫೇ ಅಲ್ಲಿ 'ಆರ್‌ಎಂಬಿ ಸಿಟಿ' ಎಂಬ ಇಡೀ ನಗರವನ್ನೇ ಕಟ್ಟಿದರು. ಬೀಜಿಂಗ್‌ನ ಗೋಪುರಗಳು, ಕಾರ್ಖಾನೆಗಳು, ಸ್ಮಾರಕಗಳು ಒಂದರ ಮೇಲೊಂದು ಬಿದ್ದಂತೆ ಸಮುದ್ರದ ನಡುವೆ ಎದ್ದ ಆ ನಗರ 2009ರ ಜನವರಿಯಲ್ಲಿ ಸಾರ್ವಜನಿಕರಿಗೆ ತೆರೆಯಿತು. 'ಚೈನಾ ಟ್ರೇಸಿ' ಎಂಬ ಅವತಾರದಲ್ಲಿ ಅವರು ಅಲ್ಲಿ ಓಡಾಡುತ್ತಿದ್ದರು. ಕಲಾಸಂಗ್ರಾಹಕರು ಆ ನಗರದಲ್ಲಿ ಜಾಗ ಪಡೆದರು. ಆಟದ ಮನೆಯೊಳಗೆ ಕಲಾ ಪ್ರಪಂಚವೇ ಬಂದು ಕೂತಂತಾಯಿತು.

ಆದರೆ ಒಂದು ವಿಷಯವನ್ನು ಆಗ ಹೆಚ್ಚಿನವರು ಗಮನಿಸಲಿಲ್ಲ. ಹಕ್ಕು ಕಲಾವಿದನದು, ಸರಿ. ನೆಲ? ಅದು ಕಂಪನಿಯ ಕಂಪ್ಯೂಟರಿನೊಳಗಿನ ನೆಲ. 2006ರ ಕೊನೆಗೆ ಅಲ್ಲಿ ಒಂದು ಖಾಸಗಿ ದ್ವೀಪ ಬೇಕೆಂದರೆ ಮೊದಲಿಗೆ 1,675 ಡಾಲರ್, ಆಮೇಲೆ ತಿಂಗಳು ತಿಂಗಳು 295 ಡಾಲರ್ ಕಟ್ಟಬೇಕಿತ್ತು. ಕಟ್ಟುವುದು ನಿಲ್ಲಿಸಿದರೆ ದ್ವೀಪವೇ ಇಲ್ಲ. 'ಕೊಂಡೆ' ಎನ್ನುವ ಮಾತು ಬರೇ ಮಾತು. ವ್ಯವಹಾರ ಮಾತ್ರ ಗೇಣಿಯದ್ದು. ಉಳುವವನೇ ಹೊಲದೊಡೆಯ ಎಂಬ ಕಾನೂನು ಆ ಲೋಕಕ್ಕೆ ಬಂದಿಲ್ಲ.

ಗೇಣಿದಾರನ ಪಾಡು ಏನೆಂಬುದು ಬೇಗನೆ ಗೊತ್ತಾಯಿತು. ಪೆನ್ಸಿಲ್ವೇನಿಯಾದ ವಕೀಲ ಮಾರ್ಕ್ ಬ್ರ್ಯಾಗ್ 2006ರಲ್ಲಿ ಒಳದಾರಿಯಿಂದ ಹರಾಜಿಗೆ ನುಗ್ಗಿ ಕಡಿಮೆ ಬೆಲೆಗೆ ಜಮೀನು ಹಿಡಿದರೆಂದು ಕಂಪನಿ ಅವರ ಖಾತೆಯನ್ನೇ ಮುಚ್ಚಿತು. ಆ ಜಮೀನಿನ ಜತೆಗೆ ಉಳಿದದ್ದೆಲ್ಲವೂ ಹೋಯಿತು. ಅವರು ಕೋರ್ಟಿಗೆ ಹೋದರು. ಜಗಳವೇನಿದ್ದರೂ ಕ್ಯಾಲಿಫೋರ್ನಿಯಾಕ್ಕೆ ಬಂದು ಪಂಚಾಯಿತಿಯಲ್ಲಿ ತೀರಿಸಿಕೊಳ್ಳಬೇಕೆಂಬ ಕಂಪನಿಯ ಷರತ್ತು ಏಕಪಕ್ಷೀಯವಾಗಿದೆ ಎಂದು ನ್ಯಾಯಾಧೀಶ ಎಡ್ವರ್ಡೊ ರೊಬ್ರೆನೊ 2007ರ ಮೇ ತಿಂಗಳಲ್ಲಿ ಹೇಳಿದರು. ಅದೇ ವರ್ಷ ರಾಜಿಯೂ ಆಯಿತು. ಒಳಗಿನ ಜಮೀನು ನಿಜವಾಗಿ ಯಾರದು ಎಂಬ ಮುಖ್ಯ ಪ್ರಶ್ನೆಗೆ ಉತ್ತರ ಮಾತ್ರ ಬರಲಿಲ್ಲ.

ಕಣ್ಣಿಗೆ ಕಂಡದ್ದು ಕೈಗೂ ಸಿಕ್ಕಿತು

ಸೆಕೆಂಡ್ ಲೈಫ್‌ನಲ್ಲಿ ಒಂದು ಸಾಮಾನು ಮಾಡಿದವನು ಅದಕ್ಕೆ ಮೂರು ಬೀಗ ಹಾಕಬಹುದು. ಕೊಂಡವನು ಅದರ ಪ್ರತಿ ಮಾಡಬಹುದೇ, ಬದಲಾಯಿಸಬಹುದೇ, ಇನ್ನೊಬ್ಬರಿಗೆ ಕೊಡಬಹುದೇ ಎಂದು ಗುರುತು ಹಾಕಿದರೆ ಆಯಿತು. ಇಷ್ಟು ಸಾಕೆಂದು ವ್ಯಾಪಾರಿಗಳು ನಂಬಿದ್ದರು. 2006ರ ನವೆಂಬರ್‌ನಲ್ಲಿ 'ಕಾಪಿಬಾಟ್' ಎಂಬ ತಂತ್ರಾಂಶ ಹರಡಿತು. ಎದುರಿಗೆ ನಿಂತವನ ಬಟ್ಟೆ, ಕೂದಲು, ಪೀಠೋಪಕರಣ ಎಲ್ಲವನ್ನೂ ಅದು ಇದ್ದ ಹಾಗೇ ಅಚ್ಚು ತೆಗೆಯುತ್ತಿತ್ತು. ಬೀಗ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

ಹೇಗೆ ಸಾಧ್ಯ? ಉತ್ತರ ಸರಳ. ಒಂದು ವಸ್ತು ನಿಮ್ಮ ಪರದೆಯ ಮೇಲೆ ಕಾಣಬೇಕಾದರೆ ಅದರ ಆಕಾರವೂ ಬಣ್ಣವೂ ನಿಮ್ಮ ಕಂಪ್ಯೂಟರಿಗೆ ಬಂದಿರಲೇಬೇಕು. ಬಂದದ್ದನ್ನು ಉಳಿಸಿಕೊಳ್ಳುವುದು ಕಷ್ಟವಲ್ಲ. ವಸ್ತುವನ್ನು ಕುಣಿಸುವ, ಬಾಗಿಲು ತೆರೆಸುವ ಒಳಗಿನ ಪ್ರೋಗ್ರಾಂ ಮಾತ್ರ ಕಂಪನಿಯ ಸರ್ವರ್‌ನಲ್ಲೇ ಓಡುವುದರಿಂದ ಅದು ಹೊರಗೆ ಬರುವುದಿಲ್ಲ. ಹೀಗಾಗಿ ಪೆಟ್ಟು ಬಿದ್ದದ್ದು ಮುಖ್ಯವಾಗಿ ಚಿತ್ರ ಬಿಡಿಸುವವರಿಗೆ, ಉಡುಪು ಹೊಲಿಯುವವರಿಗೆ, ಶಿಲ್ಪ ಮಾಡುವವರಿಗೆ. ಪ್ರೋಗ್ರಾಂ ಬರೆಯುವವನು ಬಚಾವಾದ. ಅಂಗಡಿಯ ಮುಂದೆ ತೂಗುಹಾಕಿದ ಸೀರೆಯನ್ನು ನೋಡಿದವನ ಕೈಯಲ್ಲಿ ಅಂಥದ್ದೇ ಇನ್ನೊಂದು ಸೀರೆ ಮೂಡಿದರೆ ನೇಯ್ದವನ ಗತಿ ಏನಾದೀತು, ಹಾಗೆ.

ಪ್ರತಿಭಟನೆಯಾಗಿ ಎಷ್ಟೋ ಅಂಗಡಿಗಳು ಬಾಗಿಲು ಹಾಕಿದವು. ಇಲ್ಲದ ಊರಿನಲ್ಲಿ ಬಂದ್! ಈ ತಂತ್ರಾಂಶ ಬಳಸಿ ಬೇರೆಯವರ ಸಾಮಾನಿನ ನಕಲು ಮಾಡುವುದು ನಿಯಮಬಾಹಿರ, ಅಂಥವರ ಖಾತೆ ಮುಚ್ಚುತ್ತೇವೆ ಎಂದು ಕಂಪನಿ ಹೇಳಿತು. ಆದರೆ ಮುಚ್ಚಿದ ಖಾತೆಯವನು ಮರುದಿನ ಹೊಸ ಹೆಸರಿನಲ್ಲಿ ಬಂದರೆ ತಡೆಯುವುದು ಹೇಗೆ? ಖಾತೆ ತೆರೆಯಲು ಹಣವನ್ನೂ ಕೊಡಬೇಕಿರಲಿಲ್ಲ.

525 ಡಾಲರಿನ ಗೆಲುವು

ಕೋರ್ಟಿಗೆ ಮೊದಲು ಹೋದವರಲ್ಲಿ ಫ್ಲೋರಿಡಾದ ಕೆವಿನ್ ಆಲ್ಡರ್‌ಮನ್ ಒಬ್ಬರು. ನಲ್ಲಿ ಕೆಲಸ ಮಾಡಿಕೊಂಡಿದ್ದ ಮನುಷ್ಯ. ಸೆಕೆಂಡ್ ಲೈಫ್‌ನಲ್ಲಿ ವಯಸ್ಕರ ಸಾಮಾನುಗಳ ಅಂಗಡಿ ಇಟ್ಟು ಹೆಸರು ಮಾಡಿದರು. ತಾವು ಕಟ್ಟಿದ ಆಮ್‌ಸ್ಟರ್‌ಡ್ಯಾಮ್ ನಗರದ ಪ್ರತಿಕೃತಿಯನ್ನು 2007ರಲ್ಲಿ 50,000 ಡಾಲರಿಗೆ ಮಾರಿದ್ದರು. ಅವರ ಅಂಗಡಿಯಲ್ಲಿ ಹೆಚ್ಚು ಖರ್ಚಾಗುತ್ತಿದ್ದದ್ದು ಸುಮಾರು 45 ಡಾಲರಿನ ಒಂದು ಮಂಚ. ಇನ್ನೊಬ್ಬ ಅದರ ನಕಲನ್ನು ಮೂರನೇ ಒಂದು ಬೆಲೆಗೆ ಮಾರತೊಡಗಿದ. ಅವನ ಅವತಾರದ ಹೆಸರು ಗೊತ್ತು, ಮನುಷ್ಯ ಯಾರೆಂದು ಗೊತ್ತಿಲ್ಲ. 2007ರ ಜುಲೈಯಲ್ಲಿ ಆಲ್ಡರ್‌ಮನ್ ಅವರ ಸಂಸ್ಥೆ 'ಈರೋಸ್' ಹೆಸರು ಗೊತ್ತಿಲ್ಲದ ವ್ಯಕ್ತಿಯ ಮೇಲೆಯೇ ಮೊಕದ್ದಮೆ ಹೂಡಿತು. ಲಿಂಡನ್ ಲ್ಯಾಬ್‌ಗೆ, ಹಣ ಸಾಗಿಸುವ ಪೇಪಾಲ್‌ಗೆ ಸಮನ್ಸ್ ಕಳಿಸಿ, ಇಂಟರ್‌ನೆಟ್ ಸಂಪರ್ಕದ ಜಾಡು ಹಿಡಿದು ಕೊನೆಗೆ ಟೆಕ್ಸಾಸಿನ 19 ವರ್ಷದ ಯುವಕನ ಬಾಗಿಲು ತಟ್ಟಿದರು. 2008ರಲ್ಲಿ ರಾಜಿ ತೀರ್ಪಾಯಿತು. ಇನ್ನು ಮುಂದೆ ನಕಲು ಮಾಡಕೂಡದೆಂಬ ಕಟ್ಟು ಅವನಿಗೆ ಬಿತ್ತು.

ಅದೇ 2007ರ ಅಕ್ಟೋಬರ್‌ನಲ್ಲಿ ಉಡುಪು, ಚರ್ಮದ ಬಣ್ಣ, ಪಾದರಕ್ಷೆ ಮಾಡುವವರು ಸೇರಿ ಆರು ಮಂದಿ ನ್ಯೂಯಾರ್ಕ್‌ನ ಇನ್ನೊಬ್ಬನ ಮೇಲೆ ದಾವೆ ಹಾಕಿದರು. ಎರಡು ತಿಂಗಳಲ್ಲಿ ರಾಜಿಯಾಯಿತು. ಅವನು ಕೊಟ್ಟ ಮೊತ್ತ 525 ಡಾಲರ್! ಆರು ಮಂದಿಗೆ ಹಂಚಿದರೆ ತಲಾ 90 ಡಾಲರೂ ಇಲ್ಲ. ಅಮೆರಿಕದಲ್ಲಿ ಒಬ್ಬ ವಕೀಲರ ಒಂದು ಗಂಟೆಯ ಫೀಸಿಗೂ ಅದು ಸಾಲದು. ಮೂರು ಕಾಸಿನ ಕುದುರೆಗೆ ಆರು ಕಾಸಿನ ಹುಲ್ಲು ಎನ್ನುವುದು ಇದಕ್ಕೇ ಇರಬೇಕು. ನಕಲು ಮಾರುವುದು ತಪ್ಪು ಎಂಬುದು ಕೋರ್ಟಿನ ಕಾಗದಕ್ಕೆ ಬಂತು ಎಂಬ ಸಮಾಧಾನ ಅವರಿಗೆ ಸಿಕ್ಕಿರಬಹುದು. ಮಾರನೆಯ ದಿನ ನಕಲು ಮಾಡುವವನು ಹೆದರಿದ್ದಾನೆಂದು ಹೇಳಲು ಮಾತ್ರ ಆಧಾರವಿಲ್ಲ.

ಆಮೇಲೆ 2009ರ ಸೆಪ್ಟೆಂಬರ್‌ನಲ್ಲಿ ಈರೋಸ್ ಸಂಸ್ಥೆ ನೇರವಾಗಿ ಲಿಂಡನ್ ಲ್ಯಾಬ್ ಮೇಲೆಯೇ ಹೋಯಿತು. ಕಳ್ಳ ಮಾಲು ಮಾರಾಟವಾದಾಗಲೂ ಜಮೀನಿನ ಬಾಡಿಗೆ, ನಾಣ್ಯ ಬದಲಾವಣೆಯ ಕಮಿಷನ್ ಕಂಪನಿಗೆ ಬರುತ್ತದೆ, ಹೀಗಾಗಿ ಅದೂ ಪಾಲುದಾರ ಎಂಬುದು ವಾದ. ವಾದದಲ್ಲಿ ಹುರುಳಿತ್ತು. ಆದರೆ ಪ್ರಕರಣ ತೀರ್ಪಿನ ಹಂತ ಮುಟ್ಟಲಿಲ್ಲ.

ಕುದುರೆ ಮತ್ತು ಮೊಲದ ಜಗಳ

ಈಗ ಮತ್ತೆ ಮೊಲಗಳ ವಿಷಯ. ಓಜಿಮಲ್ಸ್ ಮೊಲಗಳು ಜನಪ್ರಿಯವಾದ ಮೇಲೆ 'ಅಮರೆಟೊ ರಾಂಚ್' ಎಂಬ ಇನ್ನೊಂದು ಸಂಸ್ಥೆ ಮರಿ ಹಾಕುವ ಕುದುರೆಗಳನ್ನು ಮಾರುಕಟ್ಟೆಗೆ ಬಿಟ್ಟಿತು. ಎರಡೂ ಕಡೆ ವ್ಯಾಪಾರದ ಮರ್ಮ ಒಂದೇ. ಪ್ರಾಣಿ ಮಾರುವುದರಲ್ಲಿ ಬರುವುದು ಒಂದು ಸಲದ ಲಾಭ. ಮೇವು ಮಾರುವುದರಲ್ಲಿ ನಿತ್ಯ ಲಾಭ. ದನ ಸಾಕಿದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ.

2010ರ ಕೊನೆಗೆ ಓಜಿಮಲ್ಸ್ ಲಿಂಡನ್ ಲ್ಯಾಬ್‌ಗೆ ನೋಟಿಸು ಕೊಟ್ಟಿತು. ಕುದುರೆಗಳು ನಮ್ಮ ಮೊಲಗಳ ನಕಲು, ತೆಗೆದುಹಾಕಿ ಎಂಬುದು ಬೇಡಿಕೆ. ಅಮೆರಿಕದ 1998ರ ಡಿಜಿಟಲ್ ಕೃತಿಸ್ವಾಮ್ಯ ಕಾಯ್ದೆ, ಚುಟುಕಾಗಿ 'ಡಿಎಂಸಿಎ', ಇದಕ್ಕೆ ದಾರಿ ಮಾಡಿದೆ. ದೂರು ಬಂದ ಕೂಡಲೇ ಮಾಲನ್ನು ಕೆಳಗಿಳಿಸಿದರೆ ಕಂಪನಿಯ ಮೇಲೆ ಹೊಣೆ ಇಲ್ಲ. ಯಾರ ವಾದ ಸರಿ ಎಂದು ಕಂಪನಿ ವಿಚಾರಣೆ ಮಾಡಬೇಕಾಗಿಲ್ಲ. ಕೆಳಗಿಳಿಸಿದರೆ ಮುಗಿಯಿತು.

ಅಮರೆಟೊ ಸ್ಯಾನ್ ಫ್ರಾನ್ಸಿಸ್ಕೊದ ಫೆಡರಲ್ ಕೋರ್ಟಿಗೆ ಓಡಿತು. ಅದರ ವಾದ ಕೇಳಿದರೆ ನಗು ಬರಬಹುದು, ಆದರೆ ತೂಕವಿತ್ತು. ಕ್ರಿಸ್‌ಮಸ್ ವ್ಯಾಪಾರದ ಸಮಯ. ಈಗ ಕುದುರೆಯ ಜತೆಗೆ ಮೇವು ನೀರನ್ನೂ ಅಂಗಡಿಯಿಂದ ತೆಗೆದರೆ ಈಗಾಗಲೇ ಕೊಂಡವರ ಮನೆಯಲ್ಲಿರುವ ಕುದುರೆಗಳು ಸಾಯುತ್ತವೆ, ಗಿರಾಕಿಗಳು ಮತ್ತೆ ಬರುವುದಿಲ್ಲ. ನ್ಯಾಯಾಧೀಶ ಚಾರ್ಲ್ಸ್ ಬ್ರೇಯರ್ ಇದನ್ನು ಒಪ್ಪಿ 2010ರ ಡಿಸೆಂಬರ್‌ನಲ್ಲಿ ತಡೆಯಾಜ್ಞೆ ಕೊಟ್ಟರು. ಕಂಪ್ಯೂಟರ್ ಕುದುರೆಗಳಿಗೆ ಮೇವು ನಿಲ್ಲದಂತೆ ಒಂದು ಫೆಡರಲ್ ಕೋರ್ಟ್ ಅಡ್ಡ ನಿಂತದ್ದು ಹೀಗೆ.

ಇನ್ನೊಂದು ಬೇಡಿಕೆಯಲ್ಲಿ ಅಮರೆಟೊಗೆ ಜಯ ಸಿಗಲಿಲ್ಲ. ಸುಳ್ಳು ನೋಟಿಸು ಕೊಟ್ಟವನಿಂದ ನಷ್ಟ ಕೊಡಿಸಿ ಎಂದು ಅದು ಕೇಳಿತ್ತು. ಮಾಲು ನಿಜವಾಗಿ ಕೆಳಗಿಳಿದಿದ್ದರೆ ಮಾತ್ರ ಆ ನಿಯಮ ಅನ್ವಯಿಸುತ್ತದೆ, ಇಲ್ಲಿ ಇಳಿದಿಲ್ಲ ಎಂದು 2011ರಲ್ಲಿ ಕೋರ್ಟ್ ಹೇಳಿತು. ಮುಖ್ಯ ವಿಷಯ, ಅಂದರೆ ಕುದುರೆ ಮೊಲದ ನಕಲೇ ಎಂಬುದು, 2013ರಲ್ಲಿ ಬಗೆಹರಿಯಿತು. ಓಜಿಮಲ್ಸ್ ವಾದ ನಿಲ್ಲಲಿಲ್ಲ.

ಇದರಲ್ಲಿ ಕಲಾವಿದರಿಗೆ ಒಂದು ಹಳೆಯ ನಿಯಮ ಅಡಗಿದೆ. ಕೃತಿಸ್ವಾಮ್ಯ ಸಿಗುವುದು ಮಾಡಿದ ವಸ್ತುವಿಗೆ. ಹೊಳೆದ ವಿಚಾರಕ್ಕೆ ಅದು ಸಿಗುವುದಿಲ್ಲ. ಪ್ರಾಣಿ ಸಾಕಿ ಮರಿ ಹಾಕಿಸುವ ಆಟ ಯಾರೂ ಮಾಡಬಹುದು. ಒಬ್ಬ ಬಿಡಿಸಿದ ಮೊಲದ ಚಿತ್ರವನ್ನೋ ಬರೆದ ಪ್ರೋಗ್ರಾಂ ಅನ್ನೋ ಎತ್ತಿಕೊಂಡರೆ ಮಾತ್ರ ತಪ್ಪು. ಯಕ್ಷಗಾನ ಬಲ್ಲ ಕಾಸರಗೋಡಿನವರಿಗೆ ಈ ಗೆರೆ ಬೇಗ ಅರ್ಥವಾದೀತು. ಯಕ್ಷಗಾನ ಎಲ್ಲರದ್ದು. ಆದರೆ ಡಾ. ಶಿವರಾಮ ಕಾರಂತರು ತಮ್ಮದೇ ಕಲ್ಪನೆಯಿಂದ ರೂಪಿಸಿದ ಯಕ್ಷಗಾನ ಬ್ಯಾಲೆ? ಕಾರಂತರ ಉಯಿಲಿನಿಂದ ಹಕ್ಕು ಪಡೆದವರ ಒಪ್ಪಿಗೆ ಇಲ್ಲದೆ ಅದನ್ನು ಆಡಬಹುದೇ ಎಂಬ ವ್ಯಾಜ್ಯ ಉಡುಪಿಯ ನ್ಯಾಯಾಲಯದಲ್ಲಿ ಹುಟ್ಟಿ 2009ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ನೃತ್ಯ ಸಂಯೋಜನೆಗೂ ಹಕ್ಕುಂಟು ಎಂಬುದು ಅಲ್ಲಿ ನಿಂತಿತು.

ಅದೇ ಕುಣಿತದ ಪ್ರಶ್ನೆ ಮುಂದೆ ಆಟದ ಲೋಕಕ್ಕೂ ಬಂತು. 'ಫೋರ್ಟ್‌ನೈಟ್' ಆಟದಲ್ಲಿ ಅವತಾರಗಳು ಕುಣಿಯುವ ಹೆಜ್ಜೆಗಳನ್ನು ಎಪಿಕ್ ಗೇಮ್ಸ್ ಕಂಪನಿ ದುಡ್ಡಿಗೆ ಮಾರುತ್ತದೆ. ಹೆಜ್ಜೆ ನಮ್ಮದು ಎಂದು ನಟ ಅಲ್ಫಾನ್ಸೊ ರಿಬೇರೊ ಮೊದಲಾದವರು ದಾವೆ ಹಾಕಿದರು. ನೋಂದಣಿ ಆಗುವವರೆಗೆ ದಾವೆ ಹೂಡುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ ಬೇರೊಂದು ಪ್ರಕರಣದಲ್ಲಿ 2019ರ ಮಾರ್ಚ್‌ನಲ್ಲಿ ಹೇಳಿದ್ದರಿಂದ ಅವರು ಹಿಂದೆ ಸರಿದರು. ನೃತ್ಯ ನಿರ್ದೇಶಕ ಕೈಲ್ ಹನಗಾಮಿ ಮಾತ್ರ ನೋಂದಣಿ ಮಾಡಿಸಿಕೊಂಡೇ ಹೋದರು. ಕೆಳಗಿನ ಕೋರ್ಟ್ ತಳ್ಳಿಹಾಕಿದ ಅವರ ದಾವೆಗೆ ಮೇಲ್ಮನವಿ ಕೋರ್ಟ್ 2023ರ ನವೆಂಬರ್‌ನಲ್ಲಿ ಜೀವ ಕೊಟ್ಟಿತು. 2024ರಲ್ಲಿ ಕಂಪನಿ ರಾಜಿಗೆ ಬಂತು.

ಒಂದು ಸಾಲಿನ ಷರತ್ತು

ಕಳ್ಳರ ಕತೆ ಇಷ್ಟು. ಆದರೆ ಕಲಾವಿದರನ್ನು ನಿಜವಾಗಿ ಬೆಚ್ಚಿಬೀಳಿಸಿದ್ದು ಕಳ್ಳನಲ್ಲ, ಮನೆಯೊಡೆಯ. 2013ರ ಆಗಸ್ಟ್‌ನಲ್ಲಿ ಲಿಂಡನ್ ಲ್ಯಾಬ್ ತನ್ನ ಷರತ್ತುಗಳನ್ನು ತಿದ್ದಿತು. ಒಳಗೆ ತಂದ ಕೃತಿಯನ್ನು ಕಂಪನಿ ಯಾವುದೇ ಉದ್ದೇಶಕ್ಕೆ, ಎಲ್ಲಿ ಬೇಕಾದರೂ, ಎಂದೆಂದಿಗೂ ಬಳಸಬಹುದು, ಮಾರಲೂಬಹುದು ಎಂಬ ಅರ್ಥ ಬರುವ ಸಾಲು ಅದರಲ್ಲಿತ್ತು. ಒಪ್ಪಿದ್ದೇನೆ ಎಂಬ ಗುಂಡಿ ಒತ್ತದಿದ್ದರೆ ಒಳಗೆ ಪ್ರವೇಶವಿಲ್ಲ. ಹತ್ತು ವರ್ಷ ಹಿಂದಿನ 'ಹಕ್ಕು ನಿಮ್ಮದೇ' ಎಂಬ ಘೋಷಣೆ ಆಗಲೂ ಇತ್ತು. ಹಕ್ಕು ನಿಮ್ಮದೇ, ಅದರಿಂದ ಏನು ಬೇಕಾದರೂ ಮಾಡುವ ಪರವಾನಗಿ ನಮ್ಮದು! ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಕೇಳಿದ್ದೇವೆ. ಇಲ್ಲಿ ದೇವರೂ ಪೂಜಾರಿಯೂ ಒಬ್ಬರೇ.

ಕಲಾವಿದರು ಸಂಘ ಕಟ್ಟಿ ಪ್ರತಿಭಟಿಸಿದರು. ಹೆಚ್ಚಿನ ಪೆಟ್ಟು ಬಿದ್ದದ್ದು ಬೇರೊಂದು ದಿಕ್ಕಿನಿಂದ. ಗೋಡೆ, ಕಲ್ಲು, ಮರದ ಮೇಲ್ಮೈ ಚಿತ್ರಗಳನ್ನು ಒದಗಿಸುವ 'ಸಿಜಿಟೆಕ್ಸ್‌ಚರ್ಸ್' ಎಂಬ ಭಂಡಾರ, ಇನ್ನು ನಮ್ಮ ಚಿತ್ರಗಳನ್ನು ಸೆಕೆಂಡ್ ಲೈಫ್‌ನಲ್ಲಿ ಬಳಸಕೂಡದು ಎಂದಿತು. ಕಾರಣ ನ್ಯಾಯವಾದದ್ದೇ. ತನ್ನದಲ್ಲದ ಚಿತ್ರವನ್ನು ಬಳಸಿ ಮನೆ ಕಟ್ಟಿದವನು ಆ ಚಿತ್ರದ ಮೇಲೆ ಲಿಂಡನ್ ಲ್ಯಾಬ್‌ಗೆ ಪರವಾನಗಿ ಕೊಡುವುದಾದರೂ ಹೇಗೆ? ಒಂದು ಕಂಪನಿಯ ಷರತ್ತು ಇನ್ನೊಂದು ಕಂಪನಿಯ ಷರತ್ತಿಗೆ ಡಿಕ್ಕಿ ಹೊಡೆದು, ನಡುವೆ ಸಿಕ್ಕಿದ್ದು ಮನೆ ಕಟ್ಟಿದ ಕಲಾವಿದ. 2014ರ ಜುಲೈಯಲ್ಲಿ ಲಿಂಡನ್ ಲ್ಯಾಬ್ ಆ ಸಾಲನ್ನು ಮತ್ತೆ ತಿದ್ದಿ ಬಿಗಿ ಸಡಿಲಿಸಿತು. ಯಾವ ಕೋರ್ಟೂ ಹೇಳದೆ ಇದು ಆಯಿತೆಂಬುದು ಗಮನಿಸಬೇಕಾದ ಸಂಗತಿ. ಈ ಇಪ್ಪತ್ತು ವರ್ಷದ ವ್ಯಾಜ್ಯಗಳ ನಡುವೆ ಕಲಾವಿದರಿಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ಒಟ್ಟಾದ ಗದ್ದಲವೇ ಹೊರತು ಮೊಕದ್ದಮೆಗಳಲ್ಲ ಎನ್ನಬೇಕಾಗುತ್ತದೆ.

ಹೆಸರಿನ ಮೇಲೂ ಇಂಥದ್ದೇ ಜಗಳವಾಗಿತ್ತು. ನ್ಯೂಯಾರ್ಕಿನ ಪುಸ್ತಕ ಕಲಾವಿದ ರಿಚರ್ಡ್ ಮಿನ್ಸ್ಕಿ ಈ ಲೋಕದ ಕಲೆಯ ವಿಮರ್ಶೆಗೆಂದೇ 'ಸ್ಲಾರ್ಟ್' ಎಂಬ ಪತ್ರಿಕೆ ತೆಗೆದು 2008ರಲ್ಲಿ ಆ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸಿಕೊಂಡರು. ಅದರ ಮೇಲೆ ಅವರಿಗೂ ಲಿಂಡನ್ ಲ್ಯಾಬ್‌ಗೂ ವ್ಯಾಜ್ಯ ಬೆಳೆದು ಮುಂದೆ ರಾಜಿಯಲ್ಲಿ ಮುಗಿಯಿತು. ಇತ್ತೀಚಿನ ಪ್ರಕರಣದಲ್ಲಿ ದೊಡ್ಡ ಅಂಗಡಿಯದ್ದೇ ಮೇಲುಗೈ. ಹೆರ್ಮೆಸ್ ಕಂಪನಿಯ ದುಬಾರಿ ಕೈಚೀಲವನ್ನು ತುಪ್ಪಳ ಹೊದಿಸಿದಂತೆ ಚಿತ್ರಿಸಿ 'ಮೆಟಾಬರ್ಕಿನ್ಸ್' ಹೆಸರಿನಲ್ಲಿ 100 ಡಿಜಿಟಲ್ ಕೃತಿ ಮಾಡಿದ ಮೇಸನ್ ರಾಥ್‌ಚೈಲ್ಡ್, ಇದು ಕಲೆ ಎಂದು ವಾದಿಸಿದರು. ನ್ಯೂಯಾರ್ಕಿನ ಜ್ಯೂರಿ 2023ರ ಫೆಬ್ರವರಿಯಲ್ಲಿ ಒಪ್ಪದೆ 1,33,000 ಡಾಲರ್ ಕೊಡಿಸಿತು. ಒಂದು ಕಡೆ 525, ಇನ್ನೊಂದು ಕಡೆ 1,33,000. ಎರಡು ಪ್ರಕರಣಗಳ ಕಾನೂನು ಬೇರೆ ಬೇರೆ, ನಿಜ. ಆದರೂ ಅಂಕಿಗಳು ಕಣ್ಣಿಗೆ ಹೊಡೆಯುತ್ತವೆ.

ಊರಿನಿಂದ ನೋಡಿದರೆ

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರ ಬಿಡಿಸಿದ ಕ್ಷಣವೇ ಹಕ್ಕು ಹುಟ್ಟುತ್ತದೆ. ನೋಂದಣಿ ಕಡ್ಡಾಯವಲ್ಲ. ಕಲಾವಿದನ ಜೀವಮಾನ, ಆಮೇಲೆ 60 ವರ್ಷ ಅದು ಉಳಿಯುತ್ತದೆ. 2013ರ ನಿಯಮಗಳ ಪ್ರಕಾರ ದೂರು ಬಂದರೆ ಇಂಟರ್‌ನೆಟ್ ಕಂಪನಿ 36 ಗಂಟೆಯೊಳಗೆ ಕ್ರಮ ಕೈಗೊಳ್ಳಬೇಕು. ಆದರೆ 21 ದಿನದೊಳಗೆ ಕೋರ್ಟಿನ ಆದೇಶ ತರದಿದ್ದರೆ ಮಾಲು ಮತ್ತೆ ಮೇಲೇರಬಹುದು. 21 ದಿನದಲ್ಲಿ ಕೋರ್ಟಿನ ಆದೇಶ! ವಾಯಿದೆಗಳ ಅನುಭವ ಇದ್ದವರಿಗೆ ಇದರ ಕಷ್ಟ ಗೊತ್ತು.

ಇನ್ನು ಅಮೆರಿಕದ ಕಂಪನಿಯಲ್ಲಿ ಮಾರುವ ಇಲ್ಲಿನ ಕಲಾವಿದನ ಮೇಲೆ ಯಾರೋ ಸುಳ್ಳು ದೂರು ಕೊಟ್ಟರೆ? ಆಗ ಅವನು ಮರುನೋಟಿಸು ಕೊಡಬಹುದು. ಕೊಡುವಾಗ ತನ್ನ ನಿಜವಾದ ಹೆಸರು, ವಿಳಾಸ ಬರೆಯಬೇಕು, ಅಮೆರಿಕದ ಕೋರ್ಟಿನ ಅಧಿಕಾರಕ್ಕೆ ಒಳಪಡುತ್ತೇನೆ ಎಂದು ಸಹಿ ಹಾಕಬೇಕು. ತಾಳವಾಡಿಯಲ್ಲೋ ಅಕ್ಕಲಕೋಟೆಯಲ್ಲೋ ಕೂತು ಇನ್ನೂರು ರೂಪಾಯಿಯ ಬೊಂಬೆ ಅಂಗಿ ಮಾರುವವನು ಅಲ್ಲಿಗೇ ಕೈಬಿಡುತ್ತಾನೆ. ಆನ್ಷೆ ಚುಂಗ್ ಸಂಸ್ಥೆಯೇ 2007ರ ಆರಂಭದಲ್ಲಿ ಈ ಅಸ್ತ್ರ ಹಿಡಿದಿತ್ತು. ಸಂದರ್ಶನವೊಂದರಲ್ಲಿ ಅವತಾರದ ಮೇಲೆ ಅಶ್ಲೀಲ ವಸ್ತುಗಳನ್ನು ತೂರಿ ಕೀಟಲೆ ಮಾಡಿದ ವಿಡಿಯೊವನ್ನು, ಅವತಾರದ ಚಿತ್ರ ನಮ್ಮ ಕೃತಿ ಎಂದು ನೋಟಿಸು ಕೊಟ್ಟು ಯೂಟ್ಯೂಬ್‌ನಿಂದ ಇಳಿಸಲಾಯಿತು. ಕೀಟಲೆ ಹೇಸಿಗೆಯದ್ದೇ. ಆದರೆ ಸುದ್ದಿಯನ್ನು ಅಳಿಸಲು ಕೃತಿಸ್ವಾಮ್ಯ ಬಳಸುವುದೇ ಎಂಬ ಟೀಕೆ ಬಂತು, ಆ ಟೀಕೆ ಸರಿಯಾಗಿಯೇ ಇತ್ತು.

ಸರ್ವರ್ ಮುಚ್ಚಿದಾಗ ಕಲೆ ಏನಾಗುತ್ತದೆ ಎಂಬುದು ಉಳಿದ ಪ್ರಶ್ನೆ. ಇಲ್ಲಿ ದೆಹಲಿಯ ಎರಡು ತೀರ್ಪುಗಳು ನೆನಪಾಗುತ್ತವೆ. ವಿಜ್ಞಾನ ಭವನದ ಗೋಡೆಯಲ್ಲಿದ್ದ ಶಿಲ್ಪಿ ಅಮರನಾಥ ಸೆಹಗಲ್ ಅವರ ದೊಡ್ಡ ಕಂಚಿನ ಉಬ್ಬುಶಿಲ್ಪವನ್ನು ಸರ್ಕಾರ 1979ರಲ್ಲಿ ಕಿತ್ತು ಉಗ್ರಾಣಕ್ಕೆ ಹಾಕಿತ್ತು. ಶಿಲ್ಪ ಸರ್ಕಾರದ್ದೇ ಆದರೂ ಅದನ್ನು ಹಾಳುಗೆಡಹುವುದು ಕಲಾವಿದನ ಗೌರವಕ್ಕೆ ಧಕ್ಕೆ ಎಂದು ದೆಹಲಿ ಹೈಕೋರ್ಟ್ 2005ರಲ್ಲಿ ಹೇಳಿ, ಶಿಲ್ಪವನ್ನೂ 5 ಲಕ್ಷ ರೂಪಾಯಿಯನ್ನೂ ಕೊಡಿಸಿತು. ಆದರೆ ಪ್ರಗತಿ ಮೈದಾನದ ಹಾಲ್ ಆಫ್ ನೇಷನ್ಸ್ ಕಟ್ಟಡವನ್ನು 2017ರಲ್ಲಿ ಕೆಡವಿದಾಗ ಅದರ ವಾಸ್ತುಶಿಲ್ಪಿ ರಾಜ್ ರೇವಾಲ್ ಹೂಡಿದ ದಾವೆಯನ್ನು ಅದೇ ಹೈಕೋರ್ಟ್ 2019ರಲ್ಲಿ ವಜಾ ಮಾಡಿತು. ನೆಲದ ಒಡೆಯ ಕಟ್ಟಡವನ್ನು ಪೂರ್ತಿ ಕೆಡವಿದರೆ ವಾಸ್ತುಶಿಲ್ಪಿ ತಡೆಯಲಾರ ಎಂಬುದು ಅದರ ಸಾರ. ಸರ್ವರ್ ಮುಚ್ಚುವ ಕಂಪನಿ ಯಾವ ಗುಂಪಿಗೆ ಸೇರುತ್ತದೆ? ನೆಲವೂ ಗೋಡೆಯೂ ಅದರದ್ದೇ ಆಗಿರುವುದರಿಂದ ಎರಡನೆಯ ತೀರ್ಪಿನ ದಾರಿಯೇ ಹತ್ತಿರ ಕಾಣುತ್ತದೆ.

ಮುಚ್ಚುವುದು ಊಹೆಯ ಮಾತೂ ಅಲ್ಲ. 'ದೇರ್' ಎಂಬ ಲೋಕ 2010ರ ಮಾರ್ಚ್‌ನಲ್ಲಿ ಬಾಗಿಲು ಹಾಕಿತ್ತು, ಎರಡು ವರ್ಷದ ಮೇಲೆ ಮತ್ತೆ ತೆರೆಯಿತು. ಮೈಕ್ರೋಸಾಫ್ಟ್ ತನ್ನ 'ಆಲ್ಟ್‌ಸ್ಪೇಸ್ ವಿಆರ್' ಅನ್ನು 2023ರ ಮಾರ್ಚ್ 10ರಂದು ಮುಚ್ಚಿತು, ಅಲ್ಲಿ ಜನ ಕಟ್ಟಿದ್ದ ರಂಗಸ್ಥಳ, ಚಿತ್ರಶಾಲೆಗಳು ಅದರೊಂದಿಗೆ ಹೋದವು. ಹಕ್ಕು ಯಾರದೆಂದು ಆಗ ಯಾರೂ ಕೇಳಲಿಲ್ಲ, ಕೇಳಿ ಪ್ರಯೋಜನವೂ ಇರಲಿಲ್ಲ.

ಚಾವ್ ಫೇ ಅವರ ಆರ್‌ಎಂಬಿ ಸಿಟಿಯೂ 2011ರಲ್ಲಿ ಮುಗಿಯಿತು. ಅಲ್ಲಿಗೆ ಈಗ ಯಾರೂ ಹೋಗಲಾರರು. ಆದರೆ ಅವರು ನಗರವನ್ನು ಕಟ್ಟುವಾಗಲೇ ವಿಡಿಯೊಗಳನ್ನೂ ಮುದ್ರಿತ ಚಿತ್ರಗಳನ್ನೂ ಹೊರಗೆ ತೆಗೆದಿಟ್ಟುಕೊಂಡಿದ್ದರು. ವಸ್ತುಸಂಗ್ರಹಾಲಯಗಳಲ್ಲಿ ಇಂದು ತೋರಿಸುವುದು ಅವುಗಳನ್ನೇ.